ಮುನ್ನೀ ಬೀಯ ಕಂಪ್ಯೂಟರ್ ಕೋಳಿಗಳು

ಕೀಬೋರ್ಡನ್ನು ಬೋರಲು ಹಾಕಿ ನೆಲಕ್ಕೆ ಕುಟ್ಟಿದರೆ ಏನೇನು ಉದುರುತ್ತದೆ ಎಂಬುದನ್ನು ನನಗೆ ಹೇಳಿದವಳು ಮುನ್ನೀ ಬೀ. ನಾನು ಮಗಳಿಗೆ ಅನ್ನ ಕಲಸಿಕೊಂಡು ಕೂತಿದ್ದೆ. ಅವಳು ಮೊಟ್ಟೆಯ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಬೆಳಿಗ್ಗೆಯಿಂದ ತಾನು ಬಿಚ್ಚಿದ ಕೀಬೋರ್ಡುಗಳ ಸಮಾಚಾರ ಶುರು ಮಾಡಿದಳು.

“ಯಾವ ಆಫೀಸಿಂದು ಅಂತ ಕೇಳೂದೇ ಬ್ಯಾಡ ಬೇಟಿ. ಒಮ್ಮಿ ಬಡದ್ರ ತಾನೇ ಹೇಳ್ತದ. ಸಾಲಿದಾದ್ರ ಪೆನ್ಸಿಲ್ ಹೊಟ್ಟು, ಚುರುಮುರಿ. ಕಚೇರಿದಾದ್ರ ಗುಟ್ಕಾ, ಉಗುರು. ಕುಂತು ಕುಂತು ಉಗುರು ಕಡಕೊಂತಾರ ನೋಡು, ಕೆಲಸ ಎಲ್ಲಿರ್ತದ. ಇನ್ನ ದವಾಖಾನಿದಾದ್ರ...”

“ಖಾಲಾ, ಸಾಕು. ಕೂಸಿಗೆ ಉಣಸಾಕತ್ತೀನಿ.”

“ಹೌದಲ್ಲ. ತೋಬಾ ತೋಬಾ,” ಎಂದು ಕೆನ್ನೆ ಬಡಿದುಕೊಂಡಳು. ಬುಟ್ಟಿ ಎತ್ತಿಕೊಂಡು ಹೊರಟವಳು ಗೇಟಿನ ಹತ್ತಿರ ತಡೆಯಲಾರದೆ ತಿರುಗಿ, “ಒಂದ್ರಾಗ ಹಲ್ಲಿ ತತ್ತಿ ಇದ್ವು,” ಎಂದು ಹೇಳಿಯೇ ಹೋದಳು.

ಅವತ್ತು ನನ್ನ ಮಧ್ಯಾಹ್ನದ ಊಟ ಹಾಗೇ ಉಳಿಯಿತು.

ರಾಯಚೂರಿನಿಂದ ಗುಂಜಹಳ್ಳಿಗೆ ಹೋಗುವ ದಾರಿಯಲ್ಲಿ, ಊರು ಮುಗಿಯುತ್ತ ಬರುವ ಕಡೆ, ಅವಳ ಗಂಡ ಸಲಾವುದ್ದೀನನ ಗುಜರಿ ಅಂಗಳ. ನಮ್ಮ ಬಾಡಿಗೆ ಮನೆ ಅಲ್ಲಿಂದ ಎರಡು ಓಣಿ ಈಚೆ. ಹಳೆಯ ಕಬ್ಬಿಣ, ಬಾಟಲಿಗಳೂ ಬರುತ್ತವೆ, ಆದರೆ ಹೆಚ್ಚಾಗಿ ಬರುವುದು ಸತ್ತ ಕಂಪ್ಯೂಟರುಗಳು. ರಾಯಚೂರು, ಮಾನ್ವಿ, ದೇವದುರ್ಗದ ಶಾಲೆಗಳು, ಕಚೇರಿಗಳು, ಮುಚ್ಚಿಹೋದ ಸೈಬರ್ ಅಂಗಡಿಗಳು ಬೇಡವೆಂದು ಹೊರಗೆ ಹಾಕಿದವು. ಸಲಾವುದ್ದೀನ್ ಟಂಟಂ ಆಟೋದಲ್ಲಿ ಹೇರಿಕೊಂಡು ಬರುತ್ತಾನೆ, ಮುನ್ನೀ ಬೀ ಬಿಚ್ಚುತ್ತಾಳೆ. ಪ್ಲಾಸ್ಟಿಕ್ ಒಂದು ಕಡೆ, ತಗಡು ಒಂದು ಕಡೆ, ಹಸಿರು ಬೋರ್ಡುಗಳು ಚೀಲದಲ್ಲಿ. ತಂತಿಗಳನ್ನು ಮಾತ್ರ ಸಂಜೆ ಗುಂಡಿಯಲ್ಲಿ ಸುಡುತ್ತಾರೆ. ಮೇಲಿನ ರಬ್ಬರು ಸುಟ್ಟುಹೋದರೆ ಒಳಗಿನ ತಾಮ್ರ ಕೈಗೆ ಸಿಗುತ್ತದೆ.

ಮುನ್ನೀ ಬೀ ಹುಟ್ಟಿದ್ದು, ಬೆಳೆದದ್ದು ಮಾನ್ವಿಯಲ್ಲಿ. ಮದುವೆಗೆ ಮುಂಚೆ ಅವಳು ಅಲ್ಲಿನ ಒಂದು ಟೈಪಿಂಗ್ ಶಾಲೆಯಲ್ಲಿ ಕಸ ಗುಡಿಸುತ್ತಿದ್ದಳು. ಸಾಲಾಗಿ ಟೈಪ್‌ರೈಟರುಗಳು, ಕಿವಿ ಕಿತ್ತುಹೋಗುವ ಸದ್ದು. ಒಂದು ವರ್ಷ ಮಾಸ್ತರರು ಎಲ್ಲಿಂದಲೋ ಒಂದು ಕಂಪ್ಯೂಟರ್ ತಂದರು. ಅದಕ್ಕೆಂದೇ ಪರದೆ ಹಾಕಿದ ಬೇರೆ ಕೋಣೆ. ಮೇಲೆ ಮಾಸ್ತರರ ಹೆಂಡತಿ ಹೂವಿನ ಕಸೂತಿ ಹಾಕಿದ ಬಟ್ಟೆ, ಮುಂದೆ ಊದಿನಕಡ್ಡಿ, ಬಾಗಿಲಿಗೆ ನಿಂಬೆಹಣ್ಣು. ಚಪ್ಪಲಿ ಹೊರಗೆ. ಅವಳಂತೂ ಕಾಲು ತೊಳೆದು, ಒರೆಸಿಕೊಂಡು ಒಳಗೆ ಹೋಗಬೇಕಿತ್ತು.

“ನನಗ ನೆಗಡಿ ಬಂದ್ರ ಬಾಗಿಲದಾಗ ನಿಂದ್ರಸ್ತಿದ್ದ ಮಾಸ್ತರ,” ಎಂದು ಮುನ್ನೀ ಬೀ ನಗುತ್ತಿದ್ದಳು. “ಏ ಹುಡುಗೀ, ಅದಕ್ಕ ವೈರಸ್ ಹತ್ತಿದ್ರ ನಿಮ್ಮಪ್ಪ ಕಟ್ಟಿಕೊಡ್ತಾನೇನು ಅಂತಿದ್ದ. ನಾನೂ ಖರೇ ಅಂತ ತಿಳದು ಮೂಗಿಗೆ ಬಟ್ಟಿ ಕಟ್ಕೊಂಡು ಕಸ ಹೊಡೀತಿದ್ದೆ. ನನ್ನ ಹೊಲಸು ಅದಕ್ಕ ಹತ್ತಬಾರದು ಅಂತ.”

ಸಲಾವುದ್ದೀನ್ ದೇವದುರ್ಗದವನು, ಆಗ ತಳ್ಳುಗಾಡಿಯಲ್ಲಿ ಬಾಟಲಿ, ತಗಡು ಕೊಳ್ಳುತ್ತಿದ್ದವನು. ಮದುವೆಯಾಗಿ ಕೆಲವು ವರ್ಷಕ್ಕೆ ಅವನ ಗಾಡಿಯಲ್ಲಿ ಅಂಥದೇ ಒಂದು ಪೆಟ್ಟಿಗೆ ಬಂದು ಇಳಿಯಿತು. ಮುನ್ನೀ ಬೀ ಅದರ ಹತ್ತಿರ ಹೋಗುವಾಗ ಚಪ್ಪಲಿ ಬಿಟ್ಟಳಂತೆ. ಸಲಾವುದ್ದೀನ್ ಬಿದ್ದು ಬಿದ್ದು ನಕ್ಕನಂತೆ. “ಸತ್ತದ ಬೇ ಅದು, ಸಲಾಂ ಮಾಡಬ್ಯಾಡ. ಸುತ್ತಿಗಿ ತಗೊಂಡು ಬಾ.”

ಆಮೇಲೆ ಬಂದದ್ದಕ್ಕೆ ಲೆಕ್ಕವಿಲ್ಲ. ಅವರು ರಾಯಚೂರಿಗೆ ಬಂದು ಅಂಗಳ ಹಿಡಿದರು. ಮೊದಮೊದಲು ಚೀಲಗಟ್ಟಲೆ ಫ್ಲಾಪಿಗಳು. ಅದರೊಳಗಿನ ಕರಿ ಹಾಳೆ ಕಿತ್ತುಕೊಂಡು ಓಣಿಯ ಹುಡುಗರು ಸೂರ್ಯಗ್ರಹಣ ನೋಡುತ್ತಿದ್ದರು. ಮತ್ತೆ ಬಂದವು ಹೊಟ್ಟೆ ದಪ್ಪದ ಮಾನಿಟರುಗಳು, ಅವಳ ಬಾಯಲ್ಲಿ “ಡಬ್ಬಿ ಟೀವಿ.” ಎತ್ತಿದರೆ ಸೊಂಟ ಹೋಗುವಷ್ಟು ಭಾರ, ಹಿಂದೆ ಗಾಜಿನ ಉದ್ದ ಕುತ್ತಿಗೆ. ಅದನ್ನು ಒಡೆದರೆ ಪುಸ್ಸೆಂದು ಗಾಳಿ ಎಳೆದುಕೊಳ್ಳುತ್ತಿತ್ತು, ಬೂದಿ ಬಣ್ಣದ ಪುಡಿ ಹಾರುತ್ತಿತ್ತು. ಆಮೇಲೆ ಎಲ್ಲವೂ ತೆಳ್ಳಗಾದವು, ಹಗುರಾದವು, ಬೇಗ ಬೇಗ ಸಾಯತೊಡಗಿದವು. ಈಗ ಬರುವುದು ಹೊಟ್ಟೆ ಉಬ್ಬಿದ ಮೊಬೈಲ್ ಬ್ಯಾಟರಿಗಳು, ಸತ್ತ ಹೆಗ್ಗಣದ ಹಾಗೆ.

ಈ ಹೇಸಿಗೆ ಅವಳಿಗೆ ಅಭ್ಯಾಸವಾಗಿತ್ತು ಅಂದುಕೊಂಡರೆ ತಪ್ಪು. ಮಗಳು ನಗ್ಮಾ ಹೊಟ್ಟೆಯಲ್ಲಿದ್ದಾಗ ತಂತಿ ಸುಡುವ ಹೊಗೆಗೆ ದಿನವೂ ವಾಂತಿ ಮಾಡಿಕೊಳ್ಳುತ್ತಿದ್ದಳು. ಬರಬರುತ್ತ ವಾಂತಿ ನಿಂತಿತು, ಯಾಕೆಂದರೆ ಮೂಗೇ ಸತ್ತುಹೋಯಿತು. ಹಾಲು ಒಡೆದರೆ ಅವಳಿಗೆ ತಿಳಿಯುವುದಿಲ್ಲ. ಕೈಗಳ ಗೆರೆಯೊಳಗೆ ಕೂತ ಕಪ್ಪು ಯಾವ ಸಾಬೂನಿಗೂ ಹೋಗುವುದಿಲ್ಲ. ಆ ಕೈಯಿಂದ ಅವಳು ಊಟ ಮಾಡುತ್ತಿರಲಿಲ್ಲ. ಜೋಳದ ರೊಟ್ಟಿಯನ್ನು ನಗ್ಮಾ ಮುರಿದು ಪಲ್ಯದಲ್ಲಿ ನೆನೆಸಿ ಕೊಟ್ಟರೆ, ಅವಳು ಚಮಚದಲ್ಲಿ ತಿನ್ನುತ್ತಿದ್ದಳು. ಓಣಿಯ ಹೆಂಗಸರು “ಮೇಮ್‌ಸಾಬ್ ಊಟ ಆತೇನ್ರಿ?” ಎಂದು ಕಾಡುತ್ತಿದ್ದರು.

“ಆತ್ರಿ ಆತು. ನಿಮ್ಮಂಗ ಮೊಣಕೈತನ ನೆಕ್ಕೂದು ನಮಗ ಬರಂಗಿಲ್ಲ,” ಎನ್ನುತ್ತಿದ್ದಳು.

ಅವಳಿಗೆ ಅಂತ ಇದ್ದದ್ದು ಕೋಳಿಗಳು. ಜವಾರಿ ಕೋಳಿ, ಕಂದು ಬಣ್ಣದ ಸಣ್ಣ ಮೊಟ್ಟೆ. ಮೊಟ್ಟೆ ಆರಿಸುವ ಮುಂಚೆ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುತ್ತಿದ್ದಳು, ಒಂದೊಂದನ್ನೂ ಮಡಿಸಿದ ಬಿಳಿ ಬಟ್ಟೆಯಿಂದ ಒರೆಸಿ ತೌಡಿನಲ್ಲಿ ಹೂಳಿ ತರುತ್ತಿದ್ದಳು. ಕೂಸು ಇರುವ ಮನೆಗಳಿಗೆ ಮಾತ್ರ ಕೊಡುತ್ತಿದ್ದಳು. ಒಮ್ಮೆ ನನ್ನ ಕೈಯಲ್ಲಿ ಒಂದನ್ನು ಇಟ್ಟು, “ಈ ಹೊಲಸಿನ್ಯಾಗ ಇದೊಂದ ಸ್ವಚ್ಛ ನೋಡು ಬೇಟಿ,” ಎಂದಿದ್ದಳು. “ಕೋಳಿ ಏನರ ತಿನ್ಲಿ, ಅಲ್ಲಾಹ್ ಒಳಗ ಬೆಳ್ಳಗ ಕಟ್ಟಿ ಕೊಡ್ತಾನ.”

ನನ್ನ ಮಗಳು ಮಿತ್ರಾಗೆ ಒಂದೂವರೆ ವರ್ಷ ತುಂಬಿತ್ತು. ರಕ್ತ ಕಡಿಮೆ, ದಿನಾ ಮೊಟ್ಟೆ ಕೊಡಿ ಎಂದು ಡಾಕ್ಟರ್ ಹೇಳಿದ್ದರು. ಅಂಗಡಿಯ ಬಿಳಿ ಮೊಟ್ಟೆಗೆ ಏನೇನು ಔಷಧ ಚುಚ್ಚಿರುತ್ತಾರೋ ಎಂಬ ಭಯ ನನಗೆ. ಹಾಲಿಗೆ ಭಯ, ನೀರಿಗೆ ಭಯ, ಬಸ್ಸಿನ ಕಂಬಿಗೆ ಭಯ. ಇಡೀ ರಾಯಚೂರಿನಲ್ಲಿ ನಾನು ಭಯವಿಲ್ಲದೆ ಮಗಳ ಬಾಯಿಗೆ ಇಡುತ್ತಿದ್ದ ಒಂದೇ ವಸ್ತು ಮುನ್ನೀ ಬೀಯ ಮೊಟ್ಟೆ.

ಒಂದು ವಾರ ಅವಳು ಬರಲಿಲ್ಲ. ಜ್ವರ ಎಂದು ಯಾರೋ ಹೇಳಿದರು. ಮಿತ್ರಾ ಬೇರೆ ಏನು ಕೊಟ್ಟರೂ ಉಗುಳುತ್ತಿದ್ದಳು. ಮಗಳನ್ನು ಸೊಂಟದ ಮೇಲೆ ಹೊತ್ತು, ಮೂಗಿಗೆ ಸೆರಗು ಸುತ್ತಿಕೊಂಡು, ಮೊದಲ ಸಲ ಆ ಅಂಗಳಕ್ಕೆ ಹೋದೆ.

ಮುನ್ನೀ ಬೀ ಚಾದರ ಹೊದ್ದು ಕೂತಿದ್ದಳು. ನನ್ನನ್ನು ನೋಡಿ ಜ್ವರ ಮರೆತು ಎದ್ದಳು. “ಬಾ ಬೇಟಿ, ಬಾ. ನಮ್ಮ ಕೋಳಿ ಮನಿ ನೋಡಿಲ್ಲಲ್ಲ ನೀ.”

ಗೋಡೆಯ ಉದ್ದಕ್ಕೂ ಒಂದರ ಮೇಲೊಂದು ಹಳೆಯ ಮಾನಿಟರುಗಳು. ಗಾಜು, ಯಂತ್ರ ತೆಗೆದು ಬರೀ ಪೆಟ್ಟಿಗೆ ಉಳಿಸಿ, ಒಳಗೆ ಹುಲ್ಲು ಹಾಸಿದ್ದಳು. ಒಂದೊಂದರಲ್ಲೂ ಒಂದೊಂದು ಕೋಳಿ, ಟೀವಿಯಲ್ಲಿ ವಾರ್ತೆ ಓದುವವರ ಹಾಗೆ ಮುಖ ಹೊರಗೆ ಹಾಕಿ ಕೂತಿತ್ತು. ಓಣಿಯ ಹುಡುಗರು ಇವುಗಳಿಗೆ ಕಂಪ್ಯೂಟರ್ ಕೋಳಿ ಎನ್ನುತ್ತಾರಂತೆ.

“ಬೆಕ್ಕು ಬರಂಗಿಲ್ಲ, ಮಳಿ ಬೀಳಂಗಿಲ್ಲ. ಹಿಂದ ನೋಡು, ಗಾಳಿಗೆ ಕಂಪನಿಯವರ ತೂತು ಹೊಡದು ಕೊಟ್ಟಾರ. ಇಷ್ಟ ಛಲೋ ಗೂಡು ಬಡಗ್ಯಾ ಸೈತ ಮಾಡಂಗಿಲ್ಲ.”

ಮಿತ್ರಾ “ಕೊಕ್ಕೋ, ಕೊಕ್ಕೋ” ಎಂದು ಕುಣಿಯುತ್ತ ಕೆಳಗಿಳಿಯಲು ಹಟ ಹಿಡಿದಳು. ಕೆಳಗೆ ನೋಡಿದೆ. ನೆಲವೆಲ್ಲ ಮಿನುಗುತ್ತಿತ್ತು. ಒಡೆದ ಗಾಜಿನ ಕೊಳವೆಗಳ ಪುಡಿ, ಬೋರ್ಡುಗಳಿಂದ ಕರಗಿಸಿ ಉದುರಿಸಿದ ಬೆಸುಗೆಯ ಬೆಳ್ಳಿ ಬಣ್ಣದ ಕಾಳುಗಳು. ಒಂದು ಕೋಳಿ ಕುತ್ತಿಗೆ ಓರೆ ಮಾಡಿ ನೋಡಿ, ಆ ಕಾಳನ್ನು ಜೋಳದ ಕಾಳಿನ ಹಾಗೆ ಕುಕ್ಕಿ ನುಂಗಿತು. ಆಚೆ ತಂತಿ ಸುಡುವ ಗುಂಡಿ. ಅದರ ಮೆತ್ತಗಿನ ಕರಿ ಬೂದಿಯಲ್ಲಿ ಎರಡು ಕೋಳಿಗಳು ಹೊರಳಾಡುತ್ತ, ರೆಕ್ಕೆ ಬಿಚ್ಚಿ ಬೂದಿಯನ್ನು ಮೈಗೆಲ್ಲ ಹೊಯ್ದುಕೊಳ್ಳುತ್ತಿದ್ದವು. ಒಂದು ಎದ್ದು ಕೊಡವಿಕೊಂಡಿತು, ನಡೆದು ಬಂದು ಮಾನಿಟರಿನೊಳಗೆ ಹತ್ತಿತು, ಮೊಟ್ಟೆಯ ಮೇಲೆ ಕೂತಿತು.

ಆ ಮಾನಿಟರಿನ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಕ್ಷರ ಓದಿದೆ. ದೇವದುರ್ಗದಲ್ಲಿ ನನ್ನ ಗಂಡ ಅಮರೇಶ ಪಾಠ ಮಾಡುವ ಶಾಲೆಯ ಹೆಸರು.

ಮಗಳನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡೆ. ಜ್ವರದ ಹೆಂಗಸಿನ ಎದುರು ಏನೂ ಹೇಳಲಾಗದೆ, ಅವಳು ಕೊಟ್ಟ ಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಮನೆ ಮುಂದಿನ ಚರಂಡಿಗೆ ಎಸೆದೆ. ಹಳದಿ ಲೋಳೆ ಕರಿ ನೀರಿನ ಮೇಲೆ ತೇಲಿತು. ಮಗಳ ಬಾಯೊಳಗೆ ಬೆರಳು ಹಾಕಿ ಒರೆಸಿದೆ. ಏನು ಒರೆಸುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಎಷ್ಟೋ ತಿಂಗಳಿಂದ ಒಳಗೆ ಹೋದದ್ದು ಬೆರಳಿಗೆ ಸಿಗುತ್ತದೆಯೇ?

ಸಂಜೆ ಅಮರೇಶ ಬಸ್ಸಿಳಿದು ಬಂದಾಗ ಎಲ್ಲ ಹೇಳಿದೆ.

“ನೀ ಮೊಬೈಲ್ ನೋಡಿ ನೋಡಿ ತಲಿ ಕೆಡಸ್ಕೊಂಡೀದಿ ವಿಶಾಖಾ,” ಎಂದರು.

“ನಿಮ್ಮ ಸಾಲಿ ಕಂಪ್ಯೂಟರ್‌ನ್ಯಾಗ ಕೋಳಿ ಕಾವು ಕುಂತದ ರೀ.”

“ಛಲೋ ಆತಲ್ಲ. ನಮ್ಮ ಸಾಲ್ಯಾಗ ಇದ್ದಾಗ ಅದರಿಂದ ಏನೂ ಹುಟ್ಟಿದ್ದಿಲ್ಲ.”

ನಾನು ನಗಲಿಲ್ಲ. “ಅಲ್ಲಿಗೆ ಹೆಂಗ ಹೋತು?”

“ಹೊಸಾವು ಬಂದ್ವು, ರೂಮ್ ಖಾಲಿ ಮಾಡ್ರಿ ಅಂದ್ರು. ಗುಜರಿಯವನು ಬಂದ, ನಾವೂ ಕೈ ಹಚ್ಚಿ ಹೇರಿ ಕಳಿಸಿದ್ವಿ. ಅಂವ ಏನು ಮಾಡ್ತಾನ ಅಂತ ಯಾರು ಕೇಳ್ತಾರ?” ಎಂದರು. ಆಮೇಲೆ ಮಿತ್ರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನಾಳೆ ಡಾಕ್ಟರ್ ಹತ್ರ ಹೋಗೋಣು,” ಎಂದರು.

ಡಾಕ್ಟರ್ ನನ್ನ ಮಾತನ್ನು ತಳ್ಳಿಹಾಕಲಿಲ್ಲ. ಹಳೆಯ ಮಾನಿಟರಿನ ಗಾಜಿನಲ್ಲಿ, ಬೆಸುಗೆಯಲ್ಲಿ ಸೀಸ ಇರುತ್ತದೆ, ಅದನ್ನು ತಿಂದ ಕೋಳಿಯ ಮೊಟ್ಟೆಗೂ ಬರುತ್ತದೆ ಎಂದರು. ಮಕ್ಕಳ ಮೈಗೆ ಸೇರಿದರೆ ರಕ್ತ ತಿನ್ನುತ್ತದೆ, ಬುದ್ಧಿ ಮಂದ ಮಾಡುತ್ತದೆ. ರಕ್ತ ತೆಗೆದು ಹೈದರಾಬಾದಿಗೆ ಕಳಿಸಿದರು. ಆ ದಿನಗಳಲ್ಲಿ ಮಿತ್ರಾ ಎಡವಿದರೆ ನನಗೆ ಸೀಸ ಕಾಣುತ್ತಿತ್ತು, ಕರೆದಾಗ ತಿರುಗದಿದ್ದರೆ ಸೀಸ ಕಾಣುತ್ತಿತ್ತು. ವರದಿ ಬಂತು. ಇರಬೇಕಾದ್ದಕ್ಕಿಂತ ಹೆಚ್ಚು. ತೀರ ಕೈಮೀರಿದ್ದಲ್ಲ, ಬರುವ ದಾರಿ ಬಂದ್ ಮಾಡಿ, ಕಬ್ಬಿಣದ ಔಷಧ ಕೊಡಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು.

ಹೊರಗೆ ಬಂದಾಗ ನನಗೆ ನೆನಪಾದದ್ದು ಪರ್ವೇಜ್. ನಗ್ಮಾಳ ಮಗ, ಮುನ್ನೀ ಬೀಯ ಮೊಮ್ಮಗ. ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ದಿನಾ ಎರಡು ಮೊಟ್ಟೆ ತಿನ್ನುತ್ತಾನೆ ಎಂದು ಮುನ್ನೀ ಬೀ ಹೆಮ್ಮೆಯಿಂದ ಹೇಳುತ್ತಿದ್ದಳು. ಅವಳಿಗೆ ಇದನ್ನು ಹೇಳಲೇಬೇಕು. ಹೇಳಿದರೆ ಅವಳ ಬಳಿ ಉಳಿಯುವುದೇನು ಎಂದೂ ನನಗೆ ಗೊತ್ತಿತ್ತು.

ಈ ಸಲ ಮಗಳನ್ನು ಮನೆಯಲ್ಲಿ ಬಿಟ್ಟು ಹೋದೆ. ಸಲಾವುದ್ದೀನ್ ಚಹಾ ಕುಡಿಯುತ್ತಿದ್ದ. ನನ್ನ ಮಾತು ಮುಗಿಯುವ ಮುಂಚೆಯೇ ನಕ್ಕ.

“ಇಪ್ಪತ್ತೈದು ವರ್ಷ ಆತು ಯವ್ವಾ, ಇದನ್ನ ಉಂಡೀವಿ, ಇದನ್ನ ಉಸಿರಾಡೀವಿ. ಹಂಗಂದ್ರ ನಾವು ಈಗ ಕಬರಸ್ತಾನದಾಗ ಇರಬೇಕಿತ್ತು. ಡಾಕ್ಟರ್‌ಗೆ ಏನು, ಹೇಳ್ತಾನ.”

ಮುನ್ನೀ ಬೀ ನಗಲಿಲ್ಲ. “ಆದ್ರ ನಾ ಕೈ ತೊಳ್ಕೊಂಡೇ ಮುಟ್ಟೀನಲ್ಲ ಬೇಟಿ,” ಎಂದಳು. “ಸಬಕಾರ ಹಚ್ಚಿ ತೊಳ್ಕೊಂಡೇ ಮುಟ್ಟೀನಿ. ಬಿಳಿ ಅರಿವೀಲೇ ಒರಸೀನಿ. ನೀನೇ ನೋಡೀದಿ.”

“ನಿಮ್ಮ ಕೈಯಿಂದ ಅಲ್ಲ ಖಾಲಾ. ಕೋಳಿ ಹೊಟ್ಟಿ ಒಳಗಿಂದಾನ ಬರಾಕತ್ತದ.”

“ಒಳಗಿಂದ?”

“ಒಳಗಿಂದ.”

ಅವಳು ಮಾನಿಟರುಗಳ ಸಾಲಿನ ಕಡೆ ನೋಡಿದಳು. ಮೊದಲ ಸಲ ಬಂದಾಗ ನಾನು ಆ ಅಂಗಳವನ್ನು ಹೇಗೆ ಹೇಸಿ ನೋಡಿದ್ದೆನೋ ಹಾಗೆ. ಬಾಗಿಲಲ್ಲಿ ನಗ್ಮಾ ಪರ್ವೇಜನನ್ನು ಎತ್ತಿಕೊಂಡು ನಿಂತಿದ್ದಳು. ಅವನ ಕೈಯಲ್ಲಿ ಸುಲಿದ ಮೊಟ್ಟೆಯ ಅರ್ಧ. ನಗ್ಮಾ ಮೆಲ್ಲಗೆ ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಅವನು ಶಬ್ದವಿಲ್ಲದೆ ಬಾಯಿ ತೆರೆದು ಅತ್ತ.

“ಇವನೂ ಬರ್ಲಿ ದವಾಖಾನಿಗೆ,” ಎಂದು ನಾನು ನಗ್ಮಾಗೆ ಹೇಳಿದೆ. “ನಾಳೆನೇ. ನಾ ಕರಕೊಂಡು ಹೋಗ್ತೀನಿ.”

ಸಲಾವುದ್ದೀನ್ ಚಹಾದ ಬಸಿ ಕೆಳಗಿಟ್ಟ. “ಇಷ್ಟಕ್ಕ ರಂಪ ಯಾಕ? ಕೋಳಿ ಬ್ಯಾಡಂದ್ರ ಬ್ಯಾಡ. ದೇವದುರ್ಗದ ಸಂತಿಗೆ ಹಾಕಿ ಬರ್ತೀನಿ, ಒಂದ ಗಳಿಗ್ಯಾಗ ಹೋಗ್ತಾವ.”

“ಯಾರ ಕೂಸಿಗೆ ತಿನ್ನಸಾಕ?” ಎಂದಳು ಮುನ್ನೀ ಬೀ.

“ಯಾರರ ಇರ್ಲಿ. ಯಾರಿಗೆ ಗೊತ್ತಾಗ್ತದ?”

“ಥೂ,” ಎಂದು ಅವಳು ಉಗಿದಳು. ಗಂಡನ ಮೇಲಲ್ಲ, ಅವನ ಕಾಲ ಬುಡದ ನೆಲಕ್ಕೆ.

ಕೋಳಿಗಳನ್ನು ಅವಳು ಏನು ಮಾಡಿದಳೆಂದು ನಗ್ಮಾ ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದಳು. ಕುತ್ತಿಗೆ ಕೊಯ್ದು ಹಲಾಲ್ ಮಾಡಿದರೆ ಯಾರಾದರೂ ಬೇಡಿಕೊಂಡು ಬರುತ್ತಾರೆ, ಗಂಡನೇ ಕದ್ದು ಮಾರುತ್ತಾನೆ. ಅದಕ್ಕೆ ಒಂದೊಂದನ್ನೇ ಹಿಡಿದು ಗೋಣು ಮುರಿದಳಂತೆ. ಹಾಗೆ ಸತ್ತದ್ದನ್ನು ಅವರ ಮಂದಿಯಲ್ಲಿ ಯಾರೂ ಮುಟ್ಟುವುದಿಲ್ಲ. ಬೇರೆಯವರೂ ತೆಗೆಯಬಾರದೆಂದು ಆಳ ಗುಂಡಿ ತೋಡಿಸಿ, ಸುಣ್ಣ ಸುರಿದು ಮುಚ್ಚಿಸಿದಳಂತೆ. ಓಣಿಯವರು ಬಂದು ನೋಡಿ, ತಲೆ ಕೆಟ್ಟಿದೆ ಎಂದರಂತೆ. “ಒಂದು ನಮಗ ಕೊಟ್ಟಿದ್ರ ಸಾರು ಆಗ್ತಿತ್ತಲ್ಲ,” ಎಂದವರೂ ಇದ್ದರಂತೆ.

“ಗೋಣು ಮುರಿಯೂವಾಗ ಅಮ್ಮ ಅತ್ಲೇನು?” ಎಂದು ಕೇಳಿದೆ.

“ಇಲ್ರಿ ಅಕ್ಕಾ. ವಾಂತಿ ಮಾಡ್ಕೊಂಡ್ಳು.”

ಪರ್ವೇಜನ ವರದಿ ಬಂತು. ಮಿತ್ರಾಳದು ಅದರ ಮುಂದೆ ಏನೂ ಅಲ್ಲ. ಡಾಕ್ಟರ್ ಕಾಗದವನ್ನು ಎರಡು ಸಲ ಓದಿದರು. ಇಲ್ಲಿ ಆಗುವುದಿಲ್ಲ, ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗಿ, ಸೀಸ ಹೊರಗೆ ಹಾಕುವ ಔಷಧ ಅಲ್ಲಿ ಕೊಡುತ್ತಾರೆ ಎಂದು ಬರೆದುಕೊಟ್ಟರು. ಬಾರದ ಮಾತು ಇನ್ನು ಬರುತ್ತದೆಯೇ ಎಂದು ನಗ್ಮಾ ಕೇಳಿದಳು. “ಮೊದಲು ಸೀಸ ಇಳೀಲಿ,” ಎಂದಷ್ಟೇ ಹೇಳಿದರು.

ಅವರು ಹೈದರಾಬಾದಿನ ರೈಲು ಹತ್ತುವ ಹಿಂದಿನ ದಿನ ಮುನ್ನೀ ಬೀ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ. ಯಾವಾಗಲೂ ಕೂರುವ ಕಟ್ಟೆಯ ಮೇಲೂ ಕೂರದೆ ಗೇಟಿನ ಹತ್ತಿರ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ಬಿಸಿಲು ಸುಡುತ್ತಿತ್ತು.

“ನನ್ನ ಕೈಲೇ ಕುದಿಸಿ, ನನ್ನ ಕೈಲೇ ಸುಲದು ಕೊಟ್ಟೀನಿ,” ಎಂದಳು. “ಒಂದು ತಿಂದ ಮ್ಯಾಲ ಅಂವ ಸಾಕು ಅಂತ ಮುಖ ತಿರುಗಸ್ತಿದ್ದ. ನಾ ಬಿಡ್ಲಿಲ್ಲ. ಇನ್ನೊಂದು ತಿನ್ನು ರಾಜಾ ಅಂತ ತುರುಕೀನಿ.”

ನಾನೂ ತುರುಕಿದವಳೇ.

“ನೀರು ಕೊಡು ಬೇಟಿ.”

ಲೋಟ ತುಂಬಿ ತಂದು ಚಾಚಿದೆ. ಅವಳು ಹಿಡಿಯಲಿಲ್ಲ. “ನಕ್ಕೋ, ಬ್ಯಾಡ. ಮ್ಯಾಲಿಂದ ಹಾಕು,” ಎಂದು ಬೊಗಸೆ ಒಡ್ಡಿದಳು.

ನನ್ನ ಅಜ್ಜಿ ಮೂಕಮ್ಮ ಮಾನ್ವಿ ಕಡೆಯ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಾಗ ಹೀಗೆಯೇ ನೀರು ಕುಡಿದವಳು. ಬಗ್ಗಿ ಬೊಗಸೆ ಒಡ್ಡಬೇಕು, ಹೊಲದವರು ದೂರದಿಂದ ಹೊಯ್ಯಬೇಕು, ಚೆಂಬು ಕೈಗೆ ತಾಗಬಾರದು. ನಮ್ಮನ್ನು ಮುಟ್ಟಿದರೆ ಅವರಿಗೆ ಹೇಸಿಗೆ. ನಮ್ಮ ಅಪ್ಪ ಬೌದ್ಧನಾದ ಮೇಲೆ ಮನೆಯಲ್ಲಿ ಮೊದಲು ಮಾಡಿದ ನಿಯಮವೆಂದರೆ, ಬಾಗಿಲಿಗೆ ಬಂದವರು ಯಾರೇ ಇರಲಿ, ನೀರು ಲೋಟದಲ್ಲಿ, ಕೈಗೆ.

“ನಮ್ಮ ಮನ್ಯಾಗ ಮ್ಯಾಲಿಂದ ಹಾಕಂಗಿಲ್ಲ ಖಾಲಾ. ಹಿಡೀರಿ.”

ಅವಳ ಬೊಗಸೆ ಹಾಗೆಯೇ ಇತ್ತು. ಒಡೆದ ಬೆರಳ ತುದಿಗಳು, ಗೆರೆ ಗೆರೆಯಲ್ಲೂ ಕೂತ ಕಪ್ಪು. ಮಿತ್ರಾ ನನ್ನ ಕಾಲು ತಬ್ಬಿ ನಿಂತು ಇಣುಕುತ್ತಿದ್ದಳು. ಆ ಕೈ ನೋಡಿ ನನ್ನ ಮೈ ಜುಮ್ಮೆಂದದ್ದು ನಿಜ. ಮಗಳನ್ನು ಒಂದು ಕೈಯಿಂದ ಹಿಂದಕ್ಕೆ ಸರಿಸಿ, ಇನ್ನೊಂದು ಕೈಯಿಂದ ಅವಳ ಬೆರಳುಗಳನ್ನು ಬಿಡಿಸಿ ಲೋಟ ಹಿಡಿಸಿದೆ.

ಒಂದೇ ಉಸಿರಿಗೆ ಕುಡಿದಳು. ಲೋಟ ನನಗೆ ವಾಪಸು ಕೊಡಲಿಲ್ಲ. ಎದ್ದು ನಮ್ಮ ಅಂಗಳದ ನಲ್ಲಿಗೆ ಹೋಗಿ, ಅಲ್ಲಿದ್ದ ಸಾಬೂನಿನ ಚೂರು ತೆಗೆದುಕೊಂಡು ತಿಕ್ಕತೊಡಗಿದಳು. ಒಳಗೆ, ಹೊರಗೆ, ಅಂಚು, ತಳ. ತೊಳೆದಳು. ಬಿಸಿಲಿಗೆ ಎತ್ತಿ ಹಿಡಿದು ನೋಡಿದಳು. ಮತ್ತೆ ಸಾಬೂನು ಹಚ್ಚಿದಳು.

“ಸಾಕು ಬಿಡ್ರಿ ಖಾಲಾ, ಸ್ವಚ್ಛ ಆತು.”

“ತಡಿ,” ಎಂದಳು, ತಲೆ ಎತ್ತದೆ. “ಇನ್ನೊಮ್ಮಿ ತಿಕ್ಕತೀನಿ.”